ಮಂಡಿಯಿಂದ ಅಳೆದ ಲಂಗ

ಗೆಳೆಯರೇ, ಇವತ್ತು ಮಾರೇನಹಳ್ಳಿಯ ನಮ್ಮ ಹೊಲಿಗೆ ಯೂನಿಟ್‌ನಲ್ಲಿ ನಾನು ಬಾಯಿ ಬಿಟ್ಟೆ! ಈ ವಾರ ಯಾರು ಎಷ್ಟು ಲಂಗ ಹೊಲಿದರು ಎಂದು ಸೂಪರ್‌ವೈಸರ್ ಗೋಡೆಗೆ ಚಾರ್ಟ್ ಅಂಟಿಸಿದ್ದರು. ನನ್ನ ಬಣ್ಣದ ಪಟ್ಟಿ ಪಕ್ಕದ ಮಿಷನ್ನಿನ ಶೋಭಕ್ಕನ ಪಟ್ಟಿಯ ಕಾಲು ಭಾಗವಿತ್ತು.

"ನೋಡಮ್ಮ ನಿನ್ನ ಅವತಾರ! ನಾಳೆಯಿಂದ ಮಿಷನ್ ಬಿಟ್ಟು ಲಾಡಿ ಪೋಣಿಸೋಕೆ ಕೂತ್ಕೋ," ಅಂದರು ಸೂಪರ್‌ವೈಸರ್.

ಕಣ್ಣು ತುಂಬಿತು. ಹತ್ತಿರ ಹೋಗಿ ನೋಡಿದರೆ ಅಕ್ಕನದು ನಲವತ್ತನಾಲ್ಕು, ನನ್ನದು ನಲವತ್ತೊಂದು. ಪಟ್ಟಿಗಳು ಶುರುವಾಗಿದ್ದೇ ನಲವತ್ತರಿಂದ!

"ಸಾರ್, ಲಂಗಾನ ಸೊಂಟದಿಂದ ಅಳೀತಾರೆ. ನೀವು ಮಂಡಿಯಿಂದ ಅಳ್ದಿದೀರ," ಅಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. ಸಾರ್ ಕೂಡ ನಕ್ಕು ಸೊನ್ನೆಯಿಂದ ಹೊಸ ಪಟ್ಟಿ ಬರೆದರು. ನಮ್ಮಿಬ್ಬರದೂ ಹೆಚ್ಚುಕಮ್ಮಿ ಒಂದೇ ಎತ್ತರ. ನನ್ನ ಮಿಷನ್ ಉಳಿಯಿತು.

ಶೋಭಕ್ಕ ಮಾತ್ರ ಕಿವಿಯಲ್ಲಿ, "ಹಳೇ ಚಾರ್ಟೇ ಚೆನ್ನಾಗಿತ್ತು ಕಣೇ," ಅಂದರು.