ಭರಮಸಾಗರದಲ್ಲಿ ಇಲ್ಲದ ಭರಮಸಾಗರದವರು

ಕಳೆದ ವರ್ಷ ಕೆನಡಾದ ಹುಡುಗಿಯೊಬ್ಬಳು ಪರಿಚಯದವರ ಮಾತು ಕೇಳಿಕೊಂಡು ಚಿತ್ರದುರ್ಗದ ನಮ್ಮ ಮನೆಗೆ ಬಂದಳು. ಅವಳ ಅಡ್ಡಹೆಸರು ಭರಮಸಾಗರ. ಬಡಗಿ ಕೆಲಸಕ್ಕೆಂದು ಕೀನ್ಯಾಕ್ಕೆ ಹೋದ ಅವಳ ಮುತ್ತಜ್ಜ ಅಲ್ಲಿ ತನ್ನ ಊರಿನ ಹೆಸರು ಹೇಳಿದ್ದನಂತೆ, ಅದೇ ಮನೆತನದ ಹೆಸರಾಗಿ ನಿಂತಿತು. ಈಗ ಇಂಗ್ಲೆಂಡಿನಲ್ಲೂ ಕೆನಡಾದಲ್ಲೂ ಭರಮಸಾಗರದವರಿದ್ದಾರೆ. ಅವಳಿಗೆ ಇಲ್ಲಿಯ ಮೂಲ ಭರಮಸಾಗರದವರನ್ನು ನೋಡಬೇಕಿತ್ತು.

ನಾನೂ ಅದೇ ಊರಲ್ಲಿ ಹುಟ್ಟಿದವನು. ನನ್ನ ಹೆಸರಿನ ಮುಂದಿರುವ ‘ಬಿ’ ಕೂಡ ಭರಮಸಾಗರವೇ. ಕುತೂಹಲ ತಡೆಯಲಾಗದೆ ಅವಳನ್ನು ಕರೆದುಕೊಂಡು ಹೊರಟೆ.

ಕೆರೆ ಏರಿಯ ಹತ್ತಿರದ ಹೋಟೆಲಿನಲ್ಲಿ ಚಹಾ ಹೇಳಿ, ಗಲ್ಲಾದಲ್ಲಿ ಕುಳಿತಿದ್ದ ಅಜ್ಜಿಯನ್ನು ವಿಚಾರಿಸಿದೆ.

“ಭರಮಸಾಗರದೋರು ಅಂತ ಇಲ್ಲಿ ಯಾರನ್ನ ಕರೀತಾರ್ರಿ?” ಎಂದು ಅವಳು ನನ್ನನ್ನೇ ಕೇಳಿದಳು. “ಹುಣಸೇಮರದ ಮನೆಯೋರು ಅವ್ರೆ, ಬಾವಿಕಟ್ಟೆಯೋರು ಅವ್ರೆ. ಆ ಹೆಸ್ರಿನೋರು ಒಬ್ರೂ ಇಲ್ಲ.”

ಹುಡುಗಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವಳ ಮುಖ ಬಾಡಿತು. ಅಷ್ಟು ದೂರದಿಂದ ಬಂದವಳಿಗೆ ಹೀಗೆ ಹೇಳುವುದೇ ಎಂದು ನನಗೆ ಸಿಟ್ಟು ಬಂತು.

“ಯಾಕಿಲ್ಲ ಅಜ್ಜಿ, ನಾನಿದೀನಲ್ಲ. ದುರ್ಗದಾಗೆ ಎಲ್ರೂ ನನ್ನ ಭರಮಸಾಗರದೋರು ಅಂತಾನೇ ಕರೀತಾರೆ.”

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನ್ನನ್ನು ದಿಟ್ಟಿಸಿದಳು. ಗುರುತು ಸಿಕ್ಕಿ ನಕ್ಕಳು.

“ಓ, ನೀವಾ. ಬರ್ರಿ, ಒಳಗೆ ಕುಂತ್ಕಳ್ರಿ,” ಎಂದವಳು ಒಳಗಿದ್ದ ಸೊಸೆಗೆ ಕೂಗಿ ಹೇಳಿದಳು: “ದುರ್ಗದೋರು ಬಂದವ್ರೆ, ನೀರು ಕೊಡು.”