ಮೂರನೇ ಸಲ ಕರೆಯುವವರೆಗೆ

ಕಾರು ಕಂಪನಿಯ ಕಾಗದ ಮದ್ದೂರಿನ ನಮ್ಮ ಮನೆಗೆ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಒಂದೇ ಹಾಳೆ. ನನ್ನಲ್ಲಿರುವ ಮಾದರಿಯ ಕಾರುಗಳ ತುರ್ತು ಕರೆಯ ಸಾಫ್ಟ್‌ವೇರಿನಲ್ಲಿ ದೋಷ ಕಂಡುಬಂದಿದೆ, ಅಪಘಾತವಾದಾಗ ತಲೆಯ ಮೇಲಿರುವ ಗುಂಡಿಯ ದೀಪ ಹಸಿರಾದರೂ ಸಹಾಯ ಕೇಂದ್ರಕ್ಕೆ ತಾನಾಗಿ ಹೋಗಬೇಕಾದ ಕರೆ ಹೋಗದೇ ಇರಬಹುದು, ಆ ಕಾರುಗಳನ್ನೆಲ್ಲ ವಾಪಸ್ ಕರೆಯುತ್ತಿದ್ದೇವೆ, ಗಾಡಿಯನ್ನು ಸರ್ವೀಸ್ ಸೆಂಟರಿಗೆ ತಂದರೆ ದುಡ್ಡಿಲ್ಲದೆ ಸರಿಮಾಡಿಕೊಡುತ್ತೇವೆ ಎಂದಿತ್ತು.

ಊಟ ಅಲ್ಲಿಗೇ ನಿಂತಿತು. ನನ್ನ ಕಾರಿನಲ್ಲಿ ಕರೆ ಹೋಗಿತ್ತಲ್ಲ. ಆ ಕಡೆಯಿಂದ ದನಿ ಬಂದದ್ದನ್ನು ನಾನೂ ಕೇಳಿದ್ದೆ, ಭಾವನೂ ಕೇಳಿದ್ದರು.

ಎರಡು ವರ್ಷದ ಹಿಂದಿನ ಮಾತು. ಸೋದರತ್ತೆಗೆ ಮುತ್ತತ್ತಿ ಆಂಜನೇಯನಿಗೆ ಪೂಜೆ ಮಾಡಿಸಬೇಕಿತ್ತು. ಅವಳ ಮಗನೇ ಈ ಭಾವ, ನನ್ನ ಅಕ್ಕನ ಗಂಡ, ಹೊಳಲು ಎಂಬ ಊರಿನವರು. ನಾನು ಓಡಿಸುತ್ತಿದ್ದೆ, ಭಾವ ಪಕ್ಕದಲ್ಲಿ, ಅತ್ತೆ ಹಿಂದೆ. ಪೂಜೆ ಮುಗಿಸಿ ಹಲಗೂರಿನ ಕಡೆಗೆ ಕಾಡಿನ ರಸ್ತೆಯಲ್ಲಿ ಬರುತ್ತಿದ್ದಾಗ, ಮಟಮಟ ಮಧ್ಯಾಹ್ನ, ತಿರುವಿನಲ್ಲಿ ಕೋತಿಗಳ ಹಿಂಡು ಅಡ್ಡ ಬಂತು. ಸ್ಟೀರಿಂಗ್ ಎಳೆದೆ. ಗಾಡಿ ರಸ್ತೆ ಬಿಟ್ಟು ಹಳ್ಳಕ್ಕೆ ಇಳಿದು ಒಂದು ಮರಕ್ಕೆ ಗುದ್ದಿ ನಿಂತಿತು. ಏರ್‌ಬ್ಯಾಗಿನ ಬಿಳಿ ಪುಡಿ ಒಳಗೆಲ್ಲ ಹಾರುತ್ತಿತ್ತು. ನನ್ನ ಬೆಲ್ಟು ಬಿಚ್ಚಲು ಬರಲಿಲ್ಲ. ಭಾವನ ಕಾಲು ಸಿಕ್ಕಿಕೊಂಡಿತ್ತು. ಫೋನುಗಳು ಎಲ್ಲಿ ಬಿದ್ದವೋ, ಸಿಕ್ಕಿದ್ದರೂ ಅಲ್ಲಿ ಟವರ್ ಇಲ್ಲ. ಕಾರಿಗೆ ಅದರದೇ ಸಿಮ್ ಇದೆ, ಅದು ಎಲ್ಲಿದ್ದರೂ ಹೇಗೋ ಹಿಡಿಯುತ್ತದೆ ಎಂದು ಗಾಡಿ ಕೊಳ್ಳುವಾಗ ಕಂಪನಿಯವರು ಹೇಳಿದ್ದರು. ತಲೆಯ ಮೇಲಿನ ದೀಪ ಹಸಿರಾಯಿತು.

ಆಮೇಲೆ ಹೆಂಗಸಿನ ದನಿಯೊಂದು ಕೇಳಿತು. "ಕೇಳುಸ್ತಾ ಅದಾ?"

ನಾನು ಬಾಯಿ ತೆರೆದೆ. ಭಾವ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು. "ಓಗೊಡಬ್ಯಾಡ ಕಣ್ಲಾ. ಮೂರು ಸಲ ಕರೀಲಿ."

ನಮ್ಮ ಕಡೆ ಮಕ್ಕಳಿಗೆ ನಡೆಯುವುದರ ಜೊತೆಗೇ ಕಲಿಸುವ ಪಾಠ ಇದು. ಕಣ್ಣಿಗೆ ಕಾಣದವರು ಕರೆದರೆ ಒಂದೇ ಸಲಕ್ಕೆ 'ಓ' ಅನ್ನಬಾರದು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಮನುಷ್ಯರಲ್ಲದ್ದಕ್ಕೆ ಎರಡರ ಮೇಲೆ ಕರೆಯಲು ಬರುವುದಿಲ್ಲ. ಅದಕ್ಕೆ ಓಗೊಟ್ಟವರು ಅದರ ಹಿಂದೆ ಹೋಗುತ್ತಾರೆ. ನಾನು ಮೈಸೂರಿನಲ್ಲಿ ಮನಶ್ಶಾಸ್ತ್ರ ಎಂ.ಎ. ಮಾಡಿದವನು, ಇಂಥವನ್ನೆಲ್ಲ ಪಾಠದಲ್ಲಿ ಬಿಡಿಸಿ ಹೇಳಿ ಹುಡುಗರನ್ನು ನಗಿಸುವವನು. ಆದರೂ ಆ ಕೈಯನ್ನು ತಳ್ಳಲಿಲ್ಲ.

"ಕೇಳುಸ್ತಾ ಅದಾ?" ಎರಡನೇ ಸಲ.

ಮೂರನೇ ಸಲಕ್ಕೆ ಕಾದೆವು. ಬರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ, ಮುತ್ತತ್ತಿಗೆ ಹೊರಟಿದ್ದ ಒಂದು ವ್ಯಾನಿನವರು ನಮ್ಮನ್ನು ನೋಡಿ ನಿಲ್ಲಿಸಿದರು. ಮಳವಳ್ಳಿ ಆಸ್ಪತ್ರೆ ತಲುಪುವಷ್ಟರಲ್ಲಿ ಅತ್ತೆ ಹೋಗಿದ್ದಳು. ಎದೆಗೆ ಪೆಟ್ಟಾಗಿತ್ತು. ಅರ್ಧ ಗಂಟೆ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ನರ್ಸಿಗೆ ಹೇಳಿದ್ದು ಸ್ಟ್ರೆಚರಿನ ಮೇಲಿದ್ದ ಭಾವನ ಕಿವಿಗೂ ಬಿತ್ತು.

ಅಂದಿನಿಂದ ಭಾವ ಯಾರು ಕರೆದರೂ ಮೊದಲ ಸಲಕ್ಕೇ 'ಓ' ಅನ್ನುತ್ತಿದ್ದರು. ಬೀದಿಯಲ್ಲಿ ಸೊಪ್ಪಿನವಳು ಕೂಗಿದರೂ ಓ, ಪಕ್ಕದ ಮನೆಯವರು ತಮ್ಮ ನಾಯಿಯನ್ನು ಕರೆದರೂ ಓ. ಫೋನು ಅರ್ಧ ರಿಂಗಾಗುವ ಮೊದಲೇ ಎತ್ತುತ್ತಿದ್ದರು. ನಿದ್ದೆಯಲ್ಲೂ ಓ ಅನ್ನುತ್ತಾರೆ ಎಂದು ಅಕ್ಕ ನನ್ನ ಹತ್ತಿರ ಅತ್ತಿದ್ದಳು. ನನ್ನ ಕೈಯಿಂದಲೇ ಅವ್ವ ಹೋದಳು ಎಂದು ಅವರು ಅಕ್ಕನಿಗೆ ಒಂದೇ ಒಂದು ಸಲ ಹೇಳಿದ್ದರಂತೆ.

ಹೀಗಾಗಿ ಆ ಕಾಗದ ಬಂದಾಗ ನನಗೆ ಮೊದಲು ಆದದ್ದು ಸಂತೋಷ. ಕರೆ ಹೋಗಿಯೇ ಇಲ್ಲದಿದ್ದರೆ ಭಾವ ನನ್ನ ಬಾಯಿ ಮುಚ್ಚಿದ್ದರಿಂದ ಏನೂ ಆಗಿಲ್ಲ. ಎರಡನೆಯ ಯೋಚನೆ ಕೈ ತೊಳೆಯುವಾಗ ಬಂತು. ಕರೆ ಹೋಗಿಯೇ ಇಲ್ಲದಿದ್ದರೆ, ಕರೆದದ್ದು ಯಾರು?

ನೆನಪು ಎನ್ನುವುದು ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುವ ಸಂಗತಿ ಎಂದು ವರ್ಷ ವರ್ಷವೂ ಪಾಠ ಮಾಡುತ್ತೇನೆ. ತಲೆಗೆ ಪೆಟ್ಟು ಬಿದ್ದವನ ನೆನಪನ್ನಂತೂ ನಂಬಲೇಬಾರದು. ಆ ದನಿ ನಮ್ಮ ಹಳ್ಳಿಯವರ ಹಾಗೆ "ಕೇಳುಸ್ತಾ ಅದಾ" ಅಂದಿತೋ, ಆಫೀಸಿನವರ ಹಾಗೆ "ಕೇಳಿಸ್ತಾ ಇದೆಯಾ ಸರ್" ಅಂದಿತೋ, ಈಗ ಆಣೆ ಮಾಡಿ ಹೇಳಲಾರೆ. ಆದರೆ ಇಬ್ಬರೂ ಅದನ್ನು ಎರಡು ಸಲ ಕೇಳಿದ್ದೆವು.

ಇನ್ನೂ ಒಂದಿದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಎರಡನೇ ಸಲ ಕರೆದಾಗ, ನೋವಿಗೆ ನರಳುತ್ತಿದ್ದ ಭಾವನಿಗೆ ಕೇಳಿಸದಷ್ಟು ಮೆಲ್ಲಗೆ, ಹಿಂದಿನ ಸೀಟಿನಿಂದ ಅತ್ತೆ "ಓ, ಬಂದೆ" ಅಂದಳು. ಕುಕ್ಕರಿನ ಸೀಟಿಯೂ ಕೇಳಿಸದ ಕಿವಿ ಅವಳದು. ಅವಳನ್ನು ಕರೆಯಬೇಕಾದರೆ ಹೆಗಲು ಮುಟ್ಟಬೇಕಿತ್ತು.

ಭಾವನನ್ನು ಜೊತೆಗೆ ಕರೆದುಕೊಂಡೇ ಮಂಡ್ಯದ ಸರ್ವೀಸ್ ಸೆಂಟರಿಗೆ ಹೋದೆ. ಕಾಗದದ ವಿಷಯ ಹೇಳಿದಾಗ ಅವರು, "ಕಾರ್ನೂ ವಾಪಸ್ ಕರೀತಾರೇನ್ಲಾ? ಅದೂ ಓ ಅಂತದಾ?" ಅಂದರು. ತಮಾಷೆಗೇ ಅಂದದ್ದು, ಆದರೆ ನಗಲಿಲ್ಲ. ರಿಪೇರಿಯಾಗಿ ಬಂದ ಆ ಕಾರಿನಲ್ಲಿ ಅವರು ಕೂತದ್ದು ಅಂದೇ ಮೊದಲು. ಅತ್ತೆ ಕೂತಿದ್ದ ಹಿಂದಿನ ಸೀಟಿನ ಮೇಲೆ ಟವೆಲು ಹಾಸಿ ಮುಂದೆ ಕೂತರು.

ಸೆಂಟರಿನಲ್ಲಿ ಒಬ್ಬ ಹೆಣ್ಣುಮಗಳು ಲ್ಯಾಪ್‌ಟಾಪಿನ ವೈರು ತಂದು ಕಾರಿಗೆ ಸಿಕ್ಕಿಸಿದಳು. ಹಿಂದೆ ಒಮ್ಮೆ ಅಪಘಾತವಾಗಿತ್ತು, ಆಗಿನ ಕರೆಯ ದಾಖಲೆ ಇದೆಯೇ ನೋಡಿ ಎಂದೆ. ಅವಳು ಪರದೆಯನ್ನು ಮೇಲಕ್ಕೂ ಕೆಳಕ್ಕೂ ಓಡಿಸಿದಳು.

"ಪೆಟ್ಟು ಬಿದ್ದದ್ದು ದಾಖಲಾಗಿದೆ ಸರ್. ಆದ್ರೆ ಕಾರಿಂದ ಕಾಲ್ ಹೋಗಿಲ್ಲ. ಅವತ್ತಲ್ಲ, ಯಾವತ್ತೂ ಹೋಗಿಲ್ಲ."

"ಆ ಕಡೆಯಿಂದ ಬಂದಿರಬಹುದಾ?"

"ಇಲ್ಲಿಂದ ಕಾಲ್ ಹೋಗದೆ ಅಲ್ಲಿಂದ ಬರಲ್ಲ ಸರ್."

ಭಾವ ಅವಳಿಂದ ಇನ್ನೊಂದು ಸಲ ಹೇಳಿಸಿದರು. ಒಂದೂ ಇಲ್ಲವಾ ತಾಯಿ, ಸರಿಯಾಗಿ ನೋಡು ಎಂದರು. ಅವಳು ಪರದೆಯನ್ನೇ ತಿರುಗಿಸಿ ತೋರಿಸಿದಳು. ಇಂಗ್ಲಿಷಿನ ಸಾಲುಗಳು. ಅವರಿಗೆ ಓದಲು ಬರದು, ಆದರೂ ಬಹಳ ಹೊತ್ತು ನೋಡಿದರು.

ಹೊಸ ಸಾಫ್ಟ್‌ವೇರ್ ಹಾಕಿದ ಮೇಲೆ ಪರೀಕ್ಷೆ ಮಾಡಬೇಕಿತ್ತು. ನಾವಿಬ್ಬರೂ ಒಳಗೆ ಕೂತೆವು. ಅವಳು ಗುಂಡಿ ಒತ್ತಿದಳು. ದೀಪ ಹಸಿರಾಯಿತು.

"ನಮಸ್ಕಾರ, ನನ್ನ ಮಾತು ಕೇಳಿಸ್ತಿದೆಯಾ ಸರ್?" ಚುರುಕಾದ, ಚಿಕ್ಕ ವಯಸ್ಸಿನ ದನಿ. ಅಂದು ಕೇಳಿದ್ದು ಇದಲ್ಲ. ಅಥವಾ ಇದಲ್ಲ ಎಂದು ಈಗ ಅನ್ನಿಸುತ್ತಿದೆ. ನಾನು ಉತ್ತರಿಸಲಿಲ್ಲ. ಭಾವನೂ ಉತ್ತರಿಸಲಿಲ್ಲ.

"ಸರ್, ಕೇಳಿಸ್ತಿದೆಯಾ?"

ಮೈಕ್ ಕೆಟ್ಟಿದೆಯೇನೋ ಎಂದುಕೊಂಡು ಸೆಂಟರಿನವಳು ಕಿಟಕಿಯಿಂದ ತಲೆ ತೂರಿಸಿ, ಮಾತಾಡಿ ಸರ್ ಎಂದಳು. ಹೆದರುವಂಥದ್ದೇನೂ ಇಲ್ಲ, ಇದು ಯಂತ್ರ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಬಾಯಿ ತೆರೆಯಲಾಗಲಿಲ್ಲ.

"ಸರ್, ಲೈನಲ್ಲಿದ್ದೀರಾ?"

"ಓ," ಅಂದರು ಭಾವ. "ಇದೀವಿ ಹೇಳವ್ವ."

ಹಿಂದಿರುಗುವಾಗ ಸಕ್ಕರೆ ಕಾರ್ಖಾನೆಯ ವಾಸನೆ ದಾಟಿದೆವು. ಆಮೇಲೆ ರಸ್ತೆಯನ್ನೇ ನೋಡುತ್ತಾ ಭಾವ ನಿಧಾನವಾಗಿ ಅಂದರು. "ಹಂಗಾರೆ ಅವತ್ತು ಕರ್ದಿದ್ದು ಮನುಸ್ರಲ್ಲ."

ಪೆಟ್ಟು ಬಿದ್ದಾಗ ಇಲ್ಲದ ದನಿ ಕೇಳುವುದುಂಟು ಎಂದು ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

"ಅದೆಲ್ಲ ಬುಡು. ನಿನ್ ಬಾಯಿ ಮುಚ್ಚಿದ್ದು ಒಳ್ಳೇದೇ ಆಯ್ತು. ಒಂದೇ ಹೇಳು. ಅವತ್ತು ನಮ್ಮಲ್ಲಿ ಯಾರೂ ಓಗೊಡ್ನಿಲ್ಲ ತಾನೆ?"

ನಾನು ನಂಬದ ಒಂದು ಸಂಗತಿಯನ್ನು, ನನಗೆ ಖಾತ್ರಿಯಿಲ್ಲದ ಒಂದು ನೆನಪಿನಿಂದ, ನಿಜ ಮಾಡಿಬಿಡುವ ಒಂದೇ ಮಾತು ನನ್ನ ಬಾಯಲ್ಲಿತ್ತು. ಕನ್ನಡಿಯಲ್ಲಿ ಹಿಂದಿನ ಸೀಟು ಕಾಣುತ್ತಿತ್ತು. ಅವರು ಹಾಸಿದ್ದ ಟವೆಲು ಒಂದು ಕಡೆ ಮುದುರಿತ್ತು.

"ಇಲ್ಲ ಭಾವ," ಅಂದೆ. "ಯಾರೂ ಓಗೊಡಲಿಲ್ಲ."

ಹೊಳಲಿನಲ್ಲಿ ಮನೆಯ ಮುಂದೆ ಕಾರು ನಿಲ್ಲಿಸಿದೆ. ಸದ್ದು ಕೇಳಿ ಅಕ್ಕ ಒಳಗಿನಿಂದಲೇ, ಬಂದ್ರಾ ಎಂದು ಕೂಗಿದಳು. ಭಾವ ಚಪ್ಪಲಿ ಬಿಡುತ್ತಿದ್ದವರು ತಲೆ ಎತ್ತಲಿಲ್ಲ. ಅಕ್ಕ ಮತ್ತೆ ಕೂಗಿದಳು. ಅವರು ಜಗುಲಿಯ ಮೇಲೆ ಕೂತು ಕಾಲು ನೀವಿಕೊಂಡರು. ಮೂರನೇ ಸಲ ಕೂಗುವಾಗ ಅಕ್ಕನ ದನಿಯಲ್ಲಿ ಗಾಬರಿಯಿತ್ತು.

"ಓ, ಬಂದೆ," ಅಂದರು ಭಾವ. ಅತ್ತೆಯೂ ಹೀಗೇ, ಇದೇ ಎರಡು ಮಾತು ಅಂದಿದ್ದಳು.