ಅಳದ ಕಣ್ಣಿನ ನೀರು

ದ್ರಾಕ್ಷಾಯಣಮ್ಮನನ್ನು ಕಂಡರೆ ನನಗಾಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಕೆಯ ಸೊಸೆ ರೇವತಿ ನನ್ನ ಪಕ್ಕದ ಮಿಷನ್ನಿನಲ್ಲಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಾಳೆ. ರಾಯದುರ್ಗದ ನಮ್ಮ ಓಣಿಯಲ್ಲಿ ಅಂಥ ಕೈ ಇನ್ನೊಂದಿಲ್ಲ. ಆದರೆ ಹೊಲಿಯುತ್ತ ಕೂತರೆ ಅವಳ ಎರಡೂ ಕಣ್ಣಿಂದ ಒಂದೇ ಸಮನೆ ನೀರು ಸುರಿಯುತ್ತಿತ್ತು.

ಅವಳು ಅಳುತ್ತಿರಲಿಲ್ಲ. ನನ್ನ ಜೊತೆ ನಗುತ್ತಲೇ ಮಾತಾಡುತ್ತಿದ್ದಳು, ಉರಿ ತಾಳದೆ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಅತ್ತೆಗೆ ಅಷ್ಟೇ ಸಾಕಾಗಿತ್ತು. "ದೀಪ ಹಚ್ಚೋ ಹೊತ್ತಿನ್ಯಾಗ ಕಣ್ಣೀರು ಹಾಕ್ತಾಳ ನೋಡ್ರಿ! ನಾವೇನು ಹೊಡದೀವೇನು, ಬಡದೀವೇನು?" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ರೊಳ್ಳ ಎಂಬ ಊರಿನ ತವರನ್ನು ನೆನೆದು ಅಳುತ್ತಾಳೆಂದು ಒಮ್ಮೆ, ಮನೆಗೆ ಕೇಡು ಬಯಸುತ್ತಾಳೆಂದು ಇನ್ನೊಮ್ಮೆ. ಗಂಡ ಹನುಮೇಶ ತಾಯಿಯ ಮುಂದೆ ತುಟಿ ಪಿಟಕ್ಕೆನ್ನುವವನಲ್ಲ.

ರೇವತಿಯ ಮಗಳು ಸಂಧ್ಯಾಳ ನಿಶ್ಚಿತಾರ್ಥ ಗೊತ್ತಾದ ದಿನ ಮುದುಕಿ ಹೊಸ ಅಪ್ಪಣೆ ಹೊರಡಿಸಿದಳು. ಬೀಗಿತ್ತಿಯ ಕೈಗೆ ತಾಂಬೂಲದ ತಟ್ಟೆ ಕೊಡಬೇಕಾದವಳು ಹೆತ್ತ ತಾಯಿ. "ನೀ ಅಡಿಗಿಮನಿಯಾಗ ಇರು. ಶುಭಕಾರ್ಯದಾಗ ಕಣ್ಣೀರು ಬ್ಯಾಡ. ತಟ್ಟಿ ಜ್ಯೋತಿ ಕೊಡ್ತಾಳ," ಎಂದಳು. ಜ್ಯೋತಿ ಮುದುಕಿಯ ಮಗಳು, ಸಂಧ್ಯಾಳಿಗೆ ಸೋದರತ್ತೆ. ಮರುದಿನ ರೇವತಿ ಕೆಲಸಕ್ಕೆ ಬಂದವಳು ಮಿಷನ್ ಮುಟ್ಟದೆ ಕೂತುಬಿಟ್ಟಳು. "ತಟ್ಟಿ ನಾನೇ ಕೊಡಬೇಕಕ್ಕ. ಆಕಿ ನನ್ನ ಮಗಳು," ಎಂದಳು. ನಾನು ಅವಳನ್ನು ಬಳ್ಳಾರಿಯ ಕಣ್ಣಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ.

"ಕಣ್ಣು ಒಣಗಿವೆ," ಅಂದರು ಡಾಕ್ಟರಮ್ಮ. ನೀರು ಸುರಿಸುವ ಕಣ್ಣು ಒಣಗುವುದೆಂದರೇನೆಂದು ನನಗೆ ಸಿಟ್ಟೇ ಬಂತು. ಆಕೆ ಬಿಡಿಸಿ ಹೇಳಿದರು: ರೆಪ್ಪೆಯಂಚಿನ ಗ್ರಂಥಿಗಳಿಂದ ಎಣ್ಣೆಯಂಥ ಪಸೆ ಬರಬೇಕು, ಅವು ಕಟ್ಟಿಕೊಂಡರೆ ಕಣ್ಣಿನ ತೇವ ಬೇಗ ಆರುತ್ತದೆ, ಕಣ್ಣು ಉರಿಯುತ್ತದೆ, ಆ ಉರಿಗೆ ನೀರು ಸುರಿಯುತ್ತದೆ. ಬಿಸಿ ಶಾಖ, ಹನಿಮದ್ದು ಎಲ್ಲ ಆದವು. ಅವು ಸಾಲದಾದಾಗ ಬೆಳಕಿನ ಚಿಕಿತ್ಸೆ. ಚರ್ಮದ ಬಣ್ಣ ನೋಡಿ ಬೆಳಕಿನ ಬಿರುಸು ತಗ್ಗಿಸಿದರು, ಕಣ್ಣಿಗೆ ಕವಚ ಮುಚ್ಚಿದರು, ಕೆನ್ನೆಗೆ ತಣ್ಣನೆಯ ಜೆಲ್ ಹಚ್ಚಿ ರೆಪ್ಪೆಯ ಕೆಳಗೆ ಛಟ್ ಛಟ್ಟೆಂದು ಬೆಳಕು ಹಾಯಿಸಿದರು. ಆಮೇಲೆ ರೆಪ್ಪೆ ಒತ್ತಿ, ಕಟ್ಟಿದ್ದ ಪಸೆ ತೆಗೆದರು. ಕೆಲವು ವಾರ ಬಿಟ್ಟು ಮತ್ತೆ ಮತ್ತೆ ಹೋಗಬೇಕಿತ್ತು. ನಿಶ್ಚಿತಾರ್ಥಕ್ಕೆ ಇನ್ನೂ ತಿಂಗಳುಗಳಿದ್ದವು.

"ಈ ವಯಸ್ಸಿನ್ಯಾಗ ಬೆಳ್ಳಗಾಗಾಕ ಬಳ್ಳಾರಿಗೆ ಹೊಂಟಾಳ!" ಸೊಸೆ ಕೆನ್ನೆಗೆ ಬೆಳಕು ಹಾಯಿಸಿಕೊಳ್ಳುತ್ತಾಳೆಂದು ಕೇಳಿ ಮುದುಕಿ ಹಬ್ಬಿಸಿದ ಸುದ್ದಿ ಇದು. ನಲ್ಲಿಯ ಬಳಿ ಹೆಂಗಸರು ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿದುಹೋಯಿತು, ಬಾಯಿಗೆ ಬಂದಂತೆ ಬೈದೆ. ರೇವತಿ ಮಾತ್ರ ಯಾರ ಮಾತಿಗೂ ನಿಲ್ಲದೆ ಬಸ್ಸು ಹತ್ತಿದಳು. ಬರಬರುತ್ತ ಉರಿ ಇಳಿಯಿತು, ನೀರು ನಿಂತಿತು. ಇದು ಶಾಶ್ವತ ಅಂತ ತಿಳಿಯಬೇಡಿ, ಆಗಾಗ ಬಂದು ತೋರಿಸಿ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು.

ನಿಶ್ಚಿತಾರ್ಥದ ದಿನ ರೇವತಿ ನಡುಮನೆಗೆ ಬಂದಾಗ ಕೆನ್ನೆಯ ಮೇಲೆ ಒಂದು ಹನಿಯೂ ಇರಲಿಲ್ಲ. ಮುದುಕಿಗೆ ಕೊಂಕು ತೆಗೆಯಲು ದಾರಿ ಸಿಗಲಿಲ್ಲ. ಹಲ್ಲು ಕಡಿಯುತ್ತ ಪಕ್ಕಕ್ಕೆ ಸರಿದಳು. ರೇವತಿ ತಟ್ಟೆ ಎತ್ತಿಕೊಂಡಳು. ಹಸಿರು ಸೀರೆಯುಟ್ಟು ತಲೆ ತಗ್ಗಿಸಿ ಕೂತ ಮಗಳನ್ನು ಕಂಡದ್ದೇ ಅವಳ ತುಟಿ ನಡುಗಿತು. ಕಣ್ಣು ತುಂಬಿ ಹರಿಯಿತು.

ಬೀಗರೆದುರಿಗೇ ದ್ರಾಕ್ಷಾಯಣಮ್ಮ ತಟ್ಟೆಗೆ ಕೈ ಹಾಕಿದಳು. "ಶುರುವಾತು ನೋಡು! ಆ ಲೈಟು ಏನು ಕೆಲಸ ಮಾಡ್ತು? ಕೊಡಿಲ್ಲಿ, ಒಳಗ ನಡಿ."

ರೇವತಿ ತಟ್ಟೆ ಬಿಡಲಿಲ್ಲ.

"ಕೈ ತಗೀರಿ ಅತ್ತಿ. ಇಷ್ಟು ವರ್ಷ ನಾನು ಅಳಲಿಲ್ಲ. ಅಳ್ತಾಳ ಅಂತ ಊರಿಗೆಲ್ಲ ಹೇಳಿದ್ರಿ. ಈಗ ಅಳಾಕ್ಹತ್ತೀನಿ. ಕಣ್ಣಾರ ನೋಡ್ರಿ."

ಕೆನ್ನೆ ಒರೆಸಿಕೊಳ್ಳದೆಯೇ ತಟ್ಟೆಯನ್ನು ಬೀಗಿತ್ತಿಯ ಕೈಗಿಟ್ಟಳು.